ಕೆರೆನೀರಿನ ಕಲ್ಲು

ಉಂಗುರ ನಮ್ಮ ಮನೆಗೆ ವಾಪಸು ಬಂದ ದಿನ ಅವ್ವ ಅದನ್ನು ಅರಿಶಿನದ ಡಬ್ಬಿಯೊಳಗೆ ಹುಗಿದು, ಡಬ್ಬಿಯನ್ನು ಅಟ್ಟಕ್ಕೆ ಏರಿಸಿಬಿಟ್ಟಳು. ಆಮೇಲೆ ಮೂರು ವರ್ಷ ಅದರ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಅಟ್ಟದ ಏಣಿ ಹತ್ತಿದಾಗಲೆಲ್ಲ ನನ್ನ ಕಣ್ಣು ಆ ಡಬ್ಬಿಯ ಮೇಲೆ ಬೀಳುತ್ತಿತ್ತು, ಮತ್ತೆ ತಾನಾಗಿಯೇ ಬೇರೆ ಕಡೆ ತಿರುಗಿಕೊಳ್ಳುತ್ತಿತ್ತು. ಮದುವೆ ನಿಂತುಹೋದ ಗಂಡು ನಮ್ಮ ಕೇರಿಯಲ್ಲಿ ನಾನೊಬ್ಬನೇ ಏನಲ್ಲ. ಆದರೆ ನಿಶ್ಚಿತಾರ್ಥದ ದಿನವೇ, ತಾಂಬೂಲದ ತಟ್ಟೆ ಅರ್ಧ ದಾರಿಯಲ್ಲಿ ಹಿಂದಕ್ಕೆ ತಿರುಗಿದ್ದು ನನ್ನದೊಂದೇ.

ನಮ್ಮೂರಿಗೆ ಐದು ಬೀದಿ, ಐದಕ್ಕೂ ಒಂದೊಂದು ಬೆಳಕು. ಹಾಲುಬೀದಿಯ ಬೆಳಕು ಆಗತಾನೆ ಒಗೆದು ಹರವಿದ ಪಂಚೆಯ ಹಾಗಿರುತ್ತದೆ. ಕಂಚುಗಾರರ ಬೀದಿಗೆ ಕಾಲಿಟ್ಟರೆ ನಡುಮಧ್ಯಾಹ್ನವೂ ಸಂಜೆಗೆಂಪು. ಬಾವಿಬೀದಿಯದು ಹಸಿರು ಬೆರೆತ ನೀಲಿ. ಅಲ್ಲಿ ನಡೆಯುವವರು ನೀರಿನ ತಳದಲ್ಲಿ ನಡೆದಂತೆ ಕಾಣುತ್ತಾರೆ, ಮಾತನ್ನೂ ತುಸು ಮೆತ್ತಗೆ ಆಡುತ್ತಾರೆ. ಬೂದಿಬೀದಿಯಲ್ಲಿ ವರ್ಷವಿಡೀ ಮಳೆ ಬರುವ ಮೊದಲಿನ ಹೊತ್ತಿನ ಬೆಳಕು. ಕೊನೆಯದು ನಮ್ಮದು, ಅರಿಶಿನ ಕೇರಿ. ಇಲ್ಲಿ ಹಾಲು ತುಪ್ಪದಂತೆ ಕಾಣುತ್ತದೆ, ಬಿಳಿ ಅನ್ನ ಚಿತ್ರಾನ್ನದಂತೆ. ಬೀದಿಯ ಮೂಲೆಯಲ್ಲಿ ಒಂದು ಹೆಜ್ಜೆ ಎತ್ತಿಟ್ಟರೆ ಬೆಳಕು ಬದಲು, ನೆಲದ ಮೇಲೆ ಗೆರೆ ಎಳೆದ ಹಾಗೆ. ಊರಿನವರಿಗೆ ಇದೆಲ್ಲ ರೂಢಿ. ಟೊಮೆಟೊ ಮಾರುವವರು ಕಂಚುಗಾರರ ಬೀದಿಯಲ್ಲೇ ಬುಟ್ಟಿ ಇಳಿಸುತ್ತಾರೆ. ನೀರು ಬೆರೆಸಿದ ಹಾಲನ್ನು ನಮ್ಮ ಕೇರಿಗೆ ತರುತ್ತಾರೆ; ನಾವು ಬಣ್ಣ ನೋಡುವುದಿಲ್ಲ, ಬೆರಳದ್ದಿ ಉಜ್ಜಿ ನೋಡುತ್ತೇವೆ. ನಾಡಿ ನೋಡುವ ಪಂಡಿತರು ನಮ್ಮವರಿಗೆ ಕಾಮಾಲೆಯ ಅನುಮಾನ ಬಂದರೆ ಬೂದಿಬೀದಿಯವರೆಗೆ ನಡೆಸಿಕೊಂಡು ಹೋಗಿ, ಅಲ್ಲಿ ಕಣ್ಣಿನ ರೆಪ್ಪೆ ಎತ್ತುತ್ತಾರೆ. ಹೆಂಗಸರು ತಮ್ಮ ಬೀದಿ ದಾಟುವಾಗ ಉಂಗುರದ ಕಲ್ಲನ್ನು ಅಂಗೈ ಕಡೆಗೆ ತಿರುಗಿಸಿಕೊಳ್ಳುತ್ತಾರೆ. ಕೇಳಿದರೆ, ಧೂಳು ಕೂರಬಾರದಲ್ಲ ಅನ್ನುತ್ತಾರೆ.

ಮದುವೆ ಗೊತ್ತಾದರೆ ಗಂಡಿನ ಕಡೆಯವರು ಹೆಣ್ಣಿಗೆ ವಜ್ರದ ಉಂಗುರ ತರಬೇಕು. ಎಳ್ಳಿನಷ್ಟು ಕಲ್ಲಾದರೂ ಸರಿ, ಆದರೆ ಜೊತೆಗೆ ಅದರ ಮಟ್ಟ ಬರೆದ ಚೀಟಿ ಇರಬೇಕು. ಮಟ್ಟವನ್ನು ನಾವು ನೀರಿನ ಹೆಸರಿನಲ್ಲಿ ಹೇಳುತ್ತೇವೆ. ಎಲ್ಲಕ್ಕಿಂತ ತಿಳಿಯಾದದ್ದು ಒರತೆನೀರು. ಅದಕ್ಕಿಂತ ಕೆಳಗೆ ಮಳೆನೀರು, ಆಮೇಲೆ ಬಾವಿನೀರು, ಕೆರೆನೀರು, ಕಟ್ಟಕಡೆಗೆ ಅಕ್ಕಿ ತೊಳೆದ ನೀರು. ನಿಶ್ಚಿತಾರ್ಥದ ಬೆಳಿಗ್ಗೆ ಹೆಣ್ಣಿನ ಕಡೆಯ ಹಿರಿಯ ಹೆಂಗಸು ಉಂಗುರವನ್ನು ಬಲ ಅಂಗೈಯಲ್ಲಿಟ್ಟುಕೊಂಡು ಐದೂ ಬೀದಿ ನಡೆಯುತ್ತಾಳೆ. ಹಿಂದೆ ತಾಂಬೂಲದ ತಟ್ಟೆ. ಪ್ರತಿ ಬೀದಿಯ ಬಾಯಲ್ಲಿ ನಿಂತು ಮದುವೆಯಾಗುವ ಹುಡುಗಿ ಚೀಟಿ ಓದುತ್ತಾಳೆ, ಹಿರಿಯಳು ಕಲ್ಲನ್ನು ನೋಡುತ್ತಾಳೆ. ಚೀಟಿಯ ಮಾತಿಗಿಂತ ಕಲ್ಲು ಇಳಿಯದಿದ್ದರೆ ಮುಂದಿನ ಬೀದಿ. ಇಳಿದರೆ ತಟ್ಟೆ ಅಲ್ಲಿಂದಲೇ ಹಿಂದಕ್ಕೆ. ಗಂಡು ಜೊತೆಯಲ್ಲಿ ನಡೆಯಬಹುದು, ಬಾಯಿ ತೆರೆಯುವ ಹಾಗಿಲ್ಲ. ಕೊನೆಯ ಬೀದಿ ಗಂಡಿನದೇ ಆಗಿರಬೇಕು. ನಮ್ಮ ಕೇರಿಯ ಗಂಡುಗಳಿಗೆ ತಲೆ ನರೆಯುವ ಹೊತ್ತಿಗೆ ಮದುವೆಯಾಗುವುದು ಏಕೆಂದು ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಉಂಗುರದ ಚೀಟಿಯಲ್ಲಿ ಒರತೆನೀರು ಎಂದು ಬರೆದಿತ್ತು. ಬರೆದವರು ಹಾಲುಬೀದಿಯ ಸಿಂಗಾರಯ್ಯನವರು. ಒಡವೆಯ ಅಂಗಡಿಗಳೆಲ್ಲ ಆ ಬೀದಿಯಲ್ಲೇ ಇವೆ, ಎಲ್ಲ ಅಂಗಡಿಗೂ ಚೀಟಿ ಬರೆಯುವ ಕೈ ಅವರದೊಂದೇ. ದುಂಡಗಿನ ಅಕ್ಷರ, ಕೆಂಪು ಮುದ್ರೆ. ಕಲ್ಲು ಮೂರು ಬೀದಿ ದಾಟಿತು. ಬೂದಿಬೀದಿಯ ಬಾಯಲ್ಲಿ ಆ ಹುಡುಗಿಯ ಅಜ್ಜಿ ಬಹಳ ಹೊತ್ತು ನೋಡಿ, ಉಂಗುರವನ್ನು ನನ್ನ ಅವ್ವನ ಕೈಗೆ ಹಾಕಿ ತಿರುಗಿದಳು. ಆ ಹುಡುಗಿ ಈಗ ಬಾವಿಬೀದಿಯಲ್ಲಿ ಎರಡು ಮಕ್ಕಳ ತಾಯಿ. ಎದುರಾದರೆ ನಗುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಮಾದೇವಿಯ ಪರಿಚಯವಾದದ್ದು ನೂಲಿನಿಂದ. ಹಾಲುಬೀದಿಯಲ್ಲಿ ಅವಳದೊಂದು ಸಣ್ಣ ಹೊಲಿಗೆ ಅಂಗಡಿ. ಅವ್ವನ ಸೀರೆಗೆ ರವಿಕೆ ಹೊಲಿಸಲು ಕೊಟ್ಟಾಗ ಅವಳು ಮೊದಲು ಕೇಳಿದ್ದು ಅಳತೆಯನ್ನಲ್ಲ, ಯಾವ ಬೀದಿಯಲ್ಲಿ ಉಡುತ್ತಾರೆ ಎಂದು. ನಾನು ನಮ್ಮ ಕೇರಿಯ ಹೆಸರು ಹೇಳಿದೆ. ಅವಳು ನಾಲ್ಕು ನೂಲಿನ ಉಂಡೆಗಳನ್ನು ಸೆರಗಿಗೆ ಕಟ್ಟಿಕೊಂಡು, ಅಂಗಡಿಗೆ ಚಿಲಕ ಹಾಕಿ, ನಮ್ಮ ಕೇರಿಯ ಮೂಲೆಯವರೆಗೂ ನಡೆದು ಬಂದಳು. ಗೆರೆಯ ಈಚೆ ನಿಂತು ಸೀರೆಯ ಪಕ್ಕ ಒಂದೊಂದೇ ನೂಲು ಹಿಡಿದು ನೋಡಿದಳು. ಹಾಲುಬೀದಿಯಲ್ಲಿ ಸರಿಹೊಂದಿದ್ದು ಇಲ್ಲಿ ಹೊಂದಲಿಲ್ಲ. ಅಲ್ಲಿ ಹೊಂದದ್ದು ಇಲ್ಲಿ ಹೊಂದಿತು. ಆ ದಿನ ಅವಳ ಮುಖವೂ ನಮ್ಮ ಬೆಳಕಿನಲ್ಲಿ ಹೊಸ ಮಡಕೆಯ ಹಾಗೆ ಹೊಳೆಯುತ್ತಿತ್ತು. ಆಮೇಲೆ ನಾನು ಹರಿಯದಿದ್ದ ಅರಿಶಿನದ ಚೀಲಗಳನ್ನೂ ಹೊಲಿಸಲು ಒಯ್ದೆ. ಮೂರನೆಯ ಚೀಲ ಕೊಟ್ಟಾಗ ಅವಳು, "ಇದನ್ನ ನೀವೇ ಹರಿದಿದ್ದೀರಿ, ಅಂಚು ಹೇಳ್ತದೆ" ಅಂದಳು. ಅಲ್ಲಿಗೆ ನನ್ನ ಗುಟ್ಟು ಮುಗಿಯಿತು.

ಅವಳನ್ನು ಸಾಕಿದ್ದು ಸೋದರತ್ತೆ ಪುಟ್ಟಲಿಂಗಮ್ಮ. ಅವ್ವ ಹೋಗಿ ಹೆಣ್ಣು ಕೇಳಿದಾಗ ಆಕೆ ಇಲ್ಲ ಅನ್ನಲಿಲ್ಲ. ಹುಡುಗಿಯ ಮನಸ್ಸು ಆಕೆಗೂ ಗೊತ್ತಿತ್ತು. ಆದರೆ ಅವ್ವ ಹೊಸ್ತಿಲು ದಾಟುವಾಗ ಅವಳ ಕಿವಿಗೆ ಬೀಳುವಂತೆ, ಹಾಲುಬೀದಿಯಲ್ಲಿ ಹುಟ್ಟಿದವಳು ಹಳದಿ ಅನ್ನ ತಿನ್ನೋಕೆ ಹೋಗ್ತಾಳಂತೆ, ಉಂಗುರವಾದರೂ ನೆಟ್ಟಗೆ ನಿಲ್ಲಲಿ ಅಂದಳಂತೆ. ಎರಡು ಸಲ ತಟ್ಟೆ ತಿರುಗಿದ ಗಂಡಿಗೆ ನಮ್ಮೂರಿನಲ್ಲಿ ಮೂರನೆಯ ಮನೆ ಬಾಗಿಲು ತೆಗೆಯುವುದಿಲ್ಲ. ಇದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಾದೇವಿ ಇನ್ನೊಬ್ಬನ ಮನೆಯ ಬೆಳಕಿನಲ್ಲಿ ನೂಲು ಹಿಡಿದು ನಿಲ್ಲುವುದನ್ನು ನೆನೆಸಿಕೊಂಡರೆ ನನಗೆ ಊಟ ಇಳಿಯುತ್ತಿರಲಿಲ್ಲ.

ಹೊಸ ಉಂಗುರ ತರಲು ಹಾಲುಬೀದಿಗೆ ಹೊರಟವನನ್ನು ಅವ್ವ ತಡೆದಳು. ಅರಿಶಿನ ಬೇಯಿಸಿ ಅಂಗಳದಲ್ಲಿ ಹರವುತ್ತಿದ್ದಳು; ಕೈಯಲ್ಲೊಂದು ಕೊಂಬು ಇತ್ತು.

"ಮಂಡಿಯವ್ನು ನಮ್ಮ ಕೊಂಬು ಮುರಿದು ನೋಡಿ ಒಳಗೆ ಬಣ್ಣ ಇಲ್ಲ ಅಂತಾನಲ್ಲ," ಅಂದಳು. "ಅದೇ ಚೀಲ ಅವನು ಬೇರೆಯವರಿಗೆ ಮಾರೋವಾಗ ಏನಂತಾನೆ, ಒಂದು ದಿನಾನಾದ್ರೂ ನಿಂತು ಕೇಳಿದ್ಯೇನ್ಲಾ?"

ನಾನು ಕೇಳಿರಲಿಲ್ಲ. ಅವ್ವ ಕೊಂಬನ್ನು ಮುರಿದು ನನ್ನ ಕೈಗಿಟ್ಟು ಮತ್ತೆ ಹರವಲು ಕೂತಳು. ನಾನು ಏಣಿ ಹತ್ತಿ ಡಬ್ಬಿ ಇಳಿಸಿದೆ.

ಅಕ್ಕಸಾಲಿಯ ಹತ್ತಿರ ಹೋಗಿ ಹಳೆಯ ಉಂಗುರದಿಂದ ಕಲ್ಲನ್ನು ಬಿಡಿಸಿಕೊಂಡೆ. ಅದನ್ನು ಹತ್ತಿಯಲ್ಲಿ ಸುತ್ತಿಕೊಂಡು ಸಿಂಗಾರಯ್ಯನವರ ಮುಂದೆ ಇಟ್ಟೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಕೊಳ್ಳಲು ಬಂದಿದ್ದೇನೆ ಎನ್ನಲಿಲ್ಲ. ಇದನ್ನು ಮಾರಬೇಕಿತ್ತು, ಎಷ್ಟನೆಯ ನೀರು ನೋಡಿ ಎಂದೆ. ಮೂರು ವರ್ಷದ ಹಿಂದೆ ಇದೇ ಕಲ್ಲನ್ನು, ಇದೇ ಕುರ್ಚಿಯಲ್ಲಿ ಕೂತು, ಇದೇ ಕಿಟಕಿಯ ಬೆಳಕಿನಲ್ಲಿ ಅವರು ನೋಡಿದ್ದರು. ಈ ಸಲ ಭೂತಗನ್ನಡಿಯನ್ನು ಕಣ್ಣಿನವರೆಗೂ ತರಲಿಲ್ಲ.

"ಅಕ್ಕಿ ತೊಳೆದ ನೀರಪ್ಪ ಇದು," ಅಂದರು. "ಯಾರು ಕಟ್ಟಿದ್ರು ನಿನ್ನ ತಲೆಗೆ?"

"ಯಾರೋ ದೊಡ್ಡೋರು ಸಾಮಿ," ಅಂದೆ.

ಅವರು ಮರುಕದಿಂದ ತಲೆಯಾಡಿಸಿದರು. ಕಲ್ಲನ್ನು ಹತ್ತಿಯಲ್ಲಿ ಸುತ್ತಿಕೊಂಡು ಹೊರಗೆ ಬಂದೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದೇ ಕಲ್ಲು ಅವರ ಕೈಯಿಂದ ಹೊರಡುವಾಗ ಒರತೆಯಾಗಿತ್ತು, ಅವರ ಕೈಗೆ ಬರುವಾಗ ಅಕ್ಕಿ ತೊಳೆದದ್ದಾಗಿತ್ತು. ಕಲ್ಲಿನಲ್ಲಿ ಆ ಎರಡೂ ಇಲ್ಲ, ನಡುವೆ ಎಲ್ಲೋ ಇದೆ ಅಂತ ಮಾತ್ರ ನನಗೆ ಗಟ್ಟಿಯಾಯಿತು.

ಬೂದಿಬೀದಿಯ ನಿಂಗಾಜಮ್ಮ ಎಂಬ ಮುದುಕಿ ಕಲ್ಲು ನೋಡುತ್ತಾಳೆ ಎಂದು ಎಲ್ಲರೂ ಬಲ್ಲರು. ಹೋಗುವವರು ಕಡಿಮೆ. ಅವಳ ಬಾಯಲ್ಲಿ ಒರತೆನೀರು ಎಂಬ ಮಾತು ಯಾರಿಗೂ ಸಿಕ್ಕಿಲ್ಲ. ಅವಳು ಕಲ್ಲು ಮಾರುವುದಿಲ್ಲ, ಕೊಳ್ಳುವುದಿಲ್ಲ. ನೋಡಿದ್ದಕ್ಕೆ ಒಂದು ಸೇರು ಹುರುಳಿ ತೆಗೆದುಕೊಳ್ಳುತ್ತಾಳೆ. ನಾನು ಹೋದಾಗ ಜಗಲಿಯ ಮೇಲೆ ಬೂದಿ ಬಳಿದ ಹಂಚೊಂದನ್ನು ಮುಂದಿಟ್ಟುಕೊಂಡು ಕೂತಿದ್ದಳು. ಹಂಚಿನ ಮೇಲೆ ಐದು ಕಲ್ಲು, ಒಂದೊಂದು ನೀರಿಗೆ ಒಂದೊಂದು. ಅವಳ ತಾಯಿಯ ಕಾಲದವು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದಳು.

"ಮಾರೋಕೋ ಕೊಳ್ಳೋಕೋ ಅದ ಮಾತ್ರ ನಂಗೆ ಹೇಳ್ಬೇಡ ಮಗ. ಹೇಳಿದ್ರೆ ಕಣ್ಣು ಕೆಡ್ತದೆ."

ಆಮೇಲೆ ನನ್ನ ಕೈ ನೋಡಿ, ಸೀಗೆಪುಡಿ ಹಾಕಿ ತೊಳೆದು ಬರಲು ಹೇಳಿದಳು. ಅರಿಶಿನದವರ ಕೈ ಎಷ್ಟು ತೊಳೆದರೂ ಬಿಳುಪಾಗುವುದಿಲ್ಲ. ಕಲ್ಲು ಪಕ್ಕದವರ ಬಣ್ಣ ಕುಡಿಯುತ್ತದೆ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರು ಅಂದಳು. ಹಾಗೇ ಕೂತೆ. ಅವಳು ನನ್ನ ಕಲ್ಲನ್ನು ಹಂಚಿನ ಮೇಲಿಟ್ಟು, ಒಂದು ಕಲ್ಲಿನ ಪಕ್ಕದಿಂದ ಇನ್ನೊಂದರ ಪಕ್ಕಕ್ಕೆ ದರ್ಭೆಯ ತುದಿಯಿಂದ ತಳ್ಳುತ್ತಾ ಹೋದಳು. ತಳ್ಳಿ, ಕಣ್ಣು ಮುಚ್ಚಿ, ಮತ್ತೆ ತೆರೆಯುವಳು. ಬೀದಿಯಲ್ಲಿ ಒಂದು ಹಸು ಹೋಯಿತು, ಅದರ ನೆರಳಿಲ್ಲದ ಬೂದು ಮೈ ತೇಲಿಹೋದ ಹಾಗೆ. ಬೆಳಗಿನ ಹೊತ್ತೆಲ್ಲ ಕಳೆಯಿತು. ಕೊನೆಗೆ ಕಲ್ಲು ನಾಲ್ಕನೆಯದರ ಪಕ್ಕದಲ್ಲಿ ನಿಂತಿತು. ಅವಳು ಒಂದು ಕಾಗದದ ಚೂರಿನ ಮೇಲೆ ಬರೆದುಕೊಟ್ಟಳು: ಕೆರೆನೀರು, ಬೂದಿಬೀದಿ.

ಅವಳನ್ನೂ ಸುಮ್ಮನೆ ನಂಬಲು ನನಗೆ ಮನಸ್ಸಾಗಲಿಲ್ಲ. ಒಂದು ತಿಂಗಳು ಬಿಟ್ಟು ಅದೇ ಕಲ್ಲನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಅವ್ವನ ಕೈಯಲ್ಲಿ ಕಳಿಸಿದೆ. ಅವ್ವ ಬೆನ್ನ ಹಿಂದೆ ಕೈ ಕಟ್ಟಿ ಕೂತು, ಸೊಂಟ ಹಿಡಿಸಿಕೊಂಡು ಬಂದಳು. ಚೀಟಿಯಲ್ಲಿ ಅದೇ ಮಾತು: ಕೆರೆನೀರು. ಮನಸ್ಸು ಚುಚ್ಚಿ, ನಾನೇ ಹೋಗಿ ನಿಂಗಾಜಮ್ಮನ ಮುಂದೆ ತಪ್ಪೊಪ್ಪಿಕೊಂಡೆ. ಅವಳಿಗೆ ಬೇಸರವಾದಂತೆ ಕಾಣಲಿಲ್ಲ.

"ಒಳ್ಳೇದೇ ಮಾಡ್ದೆ. ದಿನಾ ಬೆಳಿಗ್ಗೆ ಈ ಐದನ್ನೂ ಕಲಸಿ ನಾನೂ ನನ್ನ ಕಣ್ಣನ್ನ ಹಂಗೇ ಕೇಳ್ತೀನಿ," ಅಂದಳು.

ಹೊಸ ಕಲ್ಲು ಕೊಳ್ಳುವ ಯೋಚನೆ ಅಲ್ಲಿಗೆ ಬಿಟ್ಟುಹೋಯಿತು. ಹಾಲುಬೀದಿಯಲ್ಲಿ ಏನು ಕೊಂಡರೂ ಅದರ ಜೊತೆ ಬರುವುದು ಸಿಂಗಾರಯ್ಯನವರ ಚೀಟಿ. ನನ್ನ ಕಲ್ಲಿಗೆ ಈಗ ಅದರದೇ ಮಾತು ಸಿಕ್ಕಿತ್ತು. ಆದರೆ ವಾಪಸು ಬಂದ ಕಲ್ಲನ್ನು ಇನ್ನೊಂದು ಹುಡುಗಿಗೆ ಇಡುವುದೇ ಎಂದು ಅವ್ವ ಅಳುಕಿದಳು. ಕೆರೆನೀರಿನ ಚೀಟಿ ಹಿಡಿದು ಹಾಲುಬೀದಿಯ ಹೆಣ್ಣನ್ನು ಕೇಳಿದವರು ಯಾರೂ ಇರಲಿಲ್ಲ. ಮಾದೇವಿಗೆ ತಿಳಿಯದೆ ಇದು ಆಗಬಾರದು ಎಂದು, ಅಂಗಡಿಗೆ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ. ಒಂದು ಸಾಲು ಮುಗಿಸಿ, ಹಲ್ಲಿನಿಂದ ನೂಲು ಕಡಿದು, ಆಮೇಲೆ ಹೇಳಿದಳು.

"ಆ ಕಲ್ಲೇನು ಮಾಡ್ತು ಪಾಪ. ಸುಳ್ಳು ಹೇಳಿದ್ದು ಚೀಟಿ ತಾನೇ. ಅದನ್ನೇ ತನ್ನಿ."

ಕಲ್ಲನ್ನು ಮತ್ತೆ ಉಂಗುರಕ್ಕೆ ಕೂರಿಸಿಕೊಂಡು ಬಂದೆ. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಹಾಲುಬೀದಿಯ ಅವರ ಮನೆ ಮುಂದೆ ಸೇರಿದೆವು. ಪುಟ್ಟಲಿಂಗಮ್ಮ ಉಂಗುರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದು ಬೂದಿಬೀದೀಲಿ ತಿರುಗಿದ ಕಲ್ಲಲ್ವೇನಪ್ಪ ಬೋರಲಿಂಗ?"

ನಡಿಗೆ ಇನ್ನೂ ಶುರುವಾಗಿರಲಿಲ್ಲ, ಮಾತಾಡಬಹುದಿತ್ತು. ಹೌದು ಕಣತ್ತೆ ಅಂದೆ.

"ಧೈರ್ಯ ಅದೆ ನಿಂಗೆ," ಅಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಮಾದೇವಿ ಚೀಟಿ ಓದಿದಳು. ಕೆರೆನೀರು ಎಂಬ ಮಾತಿಗೆ ಜಗಲಿಗಳ ಮೇಲೆ ನಿಂತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಯಾರೋ, ತೊಟ್ಟಿಗೆ ಬಿಟ್ಟರೆ ಮೀನು ಸಾಕಬಹುದು ಅಂದರು. ಪುಟ್ಟಲಿಂಗಮ್ಮನ ಕಿವಿ ಕೆಂಪಾಯಿತು. ಆದರೆ ಆ ಬೆಳಕಿನಲ್ಲಿ ಕಲ್ಲು ಕೆರೆನೀರಿಗಿಂತ ಎಷ್ಟೋ ತಿಳಿಯಾಗಿ ಕಾಣುತ್ತಿತ್ತು. ಇಳಿಯಿತು ಅನ್ನುವ ಹಾಗಿರಲಿಲ್ಲ. ಹೊರಟೆವು.

ಕಂಚುಗಾರರ ಬೀದಿಯಲ್ಲಿ ಕಲ್ಲು ಕೆಂಡದ ಕಿಡಿಯಂತೆ ಕೂತಿತ್ತು, ಚೀಟಿಯ ಮಾತಿಗೆ ನಿಂತಿತು. ಬಾವಿಬೀದಿಯಲ್ಲಿ ಹೆಜ್ಜೆಗಳ ಸದ್ದೇ ಕೇಳಿಸಲಿಲ್ಲ. ತಟ್ಟೆಯ ಮೇಲಿನ ಬಾಳೆಹಣ್ಣು ಹಸಿರು, ಅವ್ವನ ಕುಂಕುಮ ಕಪ್ಪು. ಅಲ್ಲೂ ನಿಂತಿತು. ಅತ್ತೆ ನಡೆಯುವಾಗ ಬಲಗೈಯ ಉಂಗುರದ ಬೆರಳನ್ನು ಮಾತ್ರ ಮಡಚಿಕೊಂಡೇ ಇದ್ದದ್ದನ್ನು ನಾನು ಅಲ್ಲಿ ಮೊದಲ ಸಲ ಗಮನಿಸಿದೆ. ವಾಯುವಿನ ನೋವೇನೋ ಅಂದುಕೊಂಡೆ. ಬೂದಿಬೀದಿಯ ಬಾಯಿ ಬಂತು. ಅದೇ ಜಾಗ, ಅದೇ ಮಂಕು ಬೆಳಕು. ಮಾದೇವಿ ಓದಿದಳು. ಅತ್ತೆ ನೋಡಿದಳು. ಕಲ್ಲು ಕೆರೆನೀರಿನಂತೆಯೇ ಕಾಣುತ್ತಿತ್ತು, ಅದಕ್ಕಿಂತ ಮೇಲೂ ಅಲ್ಲ, ಕೆಳಗೂ ಅಲ್ಲ. ಜಗಲಿಯ ಮೇಲಿದ್ದ ನಿಂಗಾಜಮ್ಮ ನಮ್ಮ ಕಡೆ ತಿರುಗಿ ಕೂಡ ನೋಡಲಿಲ್ಲ.

ನಮ್ಮ ಕೇರಿಯ ಗೆರೆ ದಾಟಿದ ಕೂಡಲೇ ಎಲ್ಲರ ಮುಖವೂ ಹಳದಿಯಾಯಿತು. ಕೇರಿಯ ಮೊದಲ ಮನೆಯೇ ನಮ್ಮದು; ಅದರ ಬಾಗಿಲಲ್ಲೇ ನಿಂತೆವು. ಮೂರನೆಯ ಸಲ ಓದಿಸಿದರೂ ಅತ್ತೆ ಅಂಗೈಯಿಂದ ಕಣ್ಣು ತೆಗೆಯಲಿಲ್ಲ.

"ಇದು ಕೆರೆನೀರಲ್ಲ," ಅಂದಳು. "ಅಕ್ಕಿ ತೊಳೆದ ನೀರಿಗೂ ಕಡೆ. ಇಳೀತು."

ತಟ್ಟೆ ಹಿಡಿದವಳು ತಿರುಗಲು ಕಾಲೆತ್ತಿದಳು. ಅವ್ವ ಬಾಗಿಲ ಕಂಬ ಹಿಡಿದುಕೊಂಡಳು. ನಾನು ಏನಾದರೂ ಅಂದುಬಿಡುತ್ತೇನೆಂದು ಹೆದರಿ ತುಟಿ ಕಚ್ಚಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ಆಗ ಮಾದೇವಿ ಸೊಂಟದಿಂದ ಒಂದು ನೂಲಿನ ಉಂಡೆ ತೆಗೆದು ಕಲ್ಲಿನ ಪಕ್ಕಕ್ಕೆ ಹಿಡಿದಳು.

"ಬೆಳಿಗ್ಗೆ ನೀವೇ ಸೂಜಿಗೆ ಪೋಣಿಸಿದ ಬಿಳಿ ನೂಲು ಅತ್ತೆ. ಈಗ ನೋಡಿ. ಇದೂ ಇಳೀತಾ?"

ನೂಲು ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿತ್ತು. ಅತ್ತೆ ನೂಲು ನೋಡಿದಳು, ಹುಡುಗಿಯ ಮುಖ ನೋಡಿದಳು. ಆದರೂ ಸೋಲಲು ಮನಸ್ಸು ಬರಲಿಲ್ಲ.

"ನೂಲು ಬೇರೆ ಕಲ್ಲು ಬೇರೆ ಕಣೆ. ಕಲ್ಲನ್ನ ಕಲ್ಲಿನ ಪಕ್ಕ ಇಟ್ಟು ನೋಡ್ಬೇಕು."

ಅಂದಮೇಲೆ ಆಕೆ ಸುತ್ತ ನಿಂತವರ ಕೈಗಳನ್ನು ನೋಡಿದಳು. ಬಂದ ಹೆಂಗಸರೆಲ್ಲ ತಮ್ಮ ಕಲ್ಲನ್ನು ಅಂಗೈ ಕಡೆಗೆ ತಿರುಗಿಸಿಕೊಂಡಿದ್ದರು; ನಮ್ಮ ಕೇರಿಯಲ್ಲಿ ಆ ಹೊತ್ತಿಗೆ ಮುಖ ತೋರಿಸುವ ಕಲ್ಲು ಇನ್ನೊಂದಿರಲಿಲ್ಲ. ಮಾದೇವಿ ನೂಲನ್ನು ಸೊಂಟಕ್ಕೆ ಸಿಕ್ಕಿಸಿ ತಲೆ ತಗ್ಗಿಸಿದಳು. ಅಂಗಳದ ಕೊಪ್ಪರಿಗೆಯಿಂದ ಬೇಯುವ ಅರಿಶಿನದ ಹಬೆ ಎದ್ದು, ನಮ್ಮೆಲ್ಲರ ನಡುವೆ ನಿಧಾನವಾಗಿ ಹಾದುಹೋಯಿತು. ಆ ಹಬೆ ತಿಳಿಯಾಗುವಷ್ಟರಲ್ಲಿ ಅತ್ತೆ, ಐದು ಬೀದಿಯುದ್ದಕ್ಕೂ ಮಡಚಿಕೊಂಡಿದ್ದ ಬೆರಳನ್ನು ಬಿಚ್ಚಿದಳು.

ಆಕೆಯ ಉಂಗುರದ ಕಲ್ಲು ಅಂಗೈ ಕಡೆಗೇ ತಿರುಗಿತ್ತು. ನಲವತ್ತು ವರ್ಷದ ಹಿಂದೆ ಆಕೆಯ ಗಂಡ ತಂದದ್ದು. ಸಿಂಗಾರಯ್ಯನವರ ತಂದೆ ಬರೆದ ಚೀಟಿಯ ಒರತೆನೀರು. ಹಾಲುಬೀದಿಯಲ್ಲಿ ಅದರ ಹೆಸರು ಅರಿಯದವರಿಲ್ಲ. ಆಗಿನ ನಡಿಗೆಯಲ್ಲಿ ಬೂದಿಬೀದಿಯನ್ನು ಹೇಗೆ ದಾಟಿದರೋ, ನೋಡಿದ ಹಿರಿಯಳು ಸುಮ್ಮನಿದ್ದಳೋ, ನನಗೆ ಗೊತ್ತಿಲ್ಲ. ಈಗ ಒಂದೇ ಅಂಗೈಯಲ್ಲಿ ಅದೂ ನಮ್ಮದೂ ಪಕ್ಕಪಕ್ಕದಲ್ಲಿದ್ದವು. ಒಂದೇ ಕೆರೆಯಿಂದ ಎತ್ತಿದ ಎರಡು ಬೊಗಸೆ. ಅತ್ತೆ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಕಣ್ಣು ಮುಚ್ಚಿ ಮತ್ತೆ ತೆರೆದು ನೋಡಿದಳು.

"ಮಾದೇವಿ, ಆ ಚೀಟಿ ಇನ್ನೊಂದು ಸಲ ಓದು."

"ಕೆರೆನೀರು, ಬೂದಿಬೀದಿ."

"ಹೂಂ," ಅಂದಳು. "ಸರಿಯಾಗೇ ಬರೆದವ್ಳೆ." ಆಮೇಲೆ ತಟ್ಟೆಯವಳ ಕಡೆಗೆ ತಿರುಗಿ, ನಿಂತುಕೊಂಡು ಏನು ನೋಡ್ತಾ ಇದ್ದೀಯ, ಒಳಗೆ ತಗೊಂಡು ಹೋಗು ಎಂದು ಗದರಿದಳು.

ಊಟವಾಯಿತು. ನೆಂಟರೆಲ್ಲ ಹಳದಿ ಅನ್ನ ಉಂಡು ಹಳದಿ ಮಜ್ಜಿಗೆ ಕುಡಿದರು. ಅತ್ತೆ ಎರಡು ಸಲ ಬಡಿಸಿಕೊಂಡಳು. ಹೊರಡುವಾಗ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಬೇರೆಲ್ಲೋ ನೋಡುತ್ತಾ ನನ್ನನ್ನು ಕೇಳಿದಳು.

"ಆ ಮುದುಕಿ ಯಾವ ಹೊತ್ತಲ್ಲಿ ಕೂತ್ಕತಾಳೆ?"

ಬೆಳಗಿನಿಂದ ಮಧ್ಯಾಹ್ನದವರೆಗೆ ಎಂದೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರಬೇಕಾಗುತ್ತದೆ ಎಂದೂ ಹೇಳಿದೆ. ಆಕೆ ಮೆಟ್ಟಿಲಿಳಿದಳು. ಮಾದೇವಿ ನನ್ನ ಪಕ್ಕ ಬಂದು ನಿಂತಳು. ನಾವಿಬ್ಬರೂ ನೋಡುತ್ತಿದ್ದೆವು. ಕೇರಿಯ ಗೆರೆ ದಾಟಿ ಬೂದಿ ಬೆಳಕಿಗೆ ಕಾಲಿಟ್ಟ ಮೇಲೆ ಅತ್ತೆ ನಿಂತಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಉಂಗುರವನ್ನು ಮೇಲಕ್ಕೆ ತಿರುಗಿಸಿ, ಕೈಯನ್ನು ಮುಖದ ಎತ್ತರಕ್ಕೆ ಹಿಡಿದು, ಪರಿಚಯದವರನ್ನು ಬಹಳ ದಿನದ ಮೇಲೆ ಕಂಡವರ ಹಾಗೆ ನೋಡುತ್ತಾ ನಿಂತೇ ಇದ್ದಳು.